ಯಾರೂ ತೆಗೆದುಕೊಳ್ಳದ ಎಳ್ಳು

ವರ್ಷಾ ತನ್ನ ಎಳ್ಳಿನ ಪೊಟ್ಟಣವನ್ನು ಮಾನ್ಯಳ ತಟ್ಟೆಗೆ ಹಾಕಿದಳು. ಸಾಲದೆಂದು ಇನ್ನೊಂದನ್ನೂ ಹಾಕಿ, ಮೇಲೊಂದು ಉದ್ದನೆಯ ಕಬ್ಬಿನ ತುಂಡು ಇಟ್ಟಳು. ಮಾನ್ಯ ತನ್ನ ಪೊಟ್ಟಣವನ್ನು ಎತ್ತಿ ಚಾಚಿದಾಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಕಣೇ, ನೀನೇ ಮಡಿಕೊ."

"ಇಬ್ರೂ ಕೊಡ್ಬೇಕು ಕಣೇ. ಅದ್ಕೇ ಅಲ್ವಾ ಎಳ್ಳು ಬೀರೋದು?"

"ಆ ಪುಸ್ತಕ ಓದ್ಬುಟ್ಟು ಮಿಸ್ಸು ಏನೇಳುದ್ರು? ಇಲ್ದೋರ್ಗೆ ನಾವು ಕೊಡ್ಬೇಕು, ಅವರತ್ರ ಏನೂ ಇಸ್ಕಬಾರ್ದು. ಇದು ನನ್ ಹಬ್ಬದ ಸಹಾಯ."

ವರ್ಷಾಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಮಾನ್ಯ ಜಡೆ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ಇಬ್ಬರೂ ಪಕ್ಕ ಪಕ್ಕದವರು. ಮೊನ್ನೆಮೊನ್ನೆಯವರೆಗೂ ಪೆನ್ಸಿಲ್ ಮುರಿದರೆ ವರ್ಷಾ ಕೇಳದೆಯೇ ಮಾನ್ಯಳ ಡಬ್ಬಿಗೆ ಕೈ ಹಾಕುತ್ತಿದ್ದಳು.

ಆ ಪುಸ್ತಕ ಶಾಲೆಗೆ ಹೊಸದಾಗಿ ಬಂದದ್ದು. ಪುಟ ತುಂಬ ಬಣ್ಣದ ಚಿತ್ರ. ಹರಿದ ಲಂಗದ ಹಸಿದ ಹುಡುಗಿಯೊಬ್ಬಳು, ಅವಳಿಗೆ ತನ್ನ ಬುತ್ತಿ ಕೊಟ್ಟುಬಿಡುವ ಒಳ್ಳೆಯ ಹುಡುಗಿಯೊಬ್ಬಳು. ಲತಾ ಮಿಸ್ಸು ಅದನ್ನು ಓದಿ ಮುಗಿಸಿ, ಸಂಕ್ರಾಂತಿ ಕಳೆಯುವುದರೊಳಗೆ ಎಲ್ಲರೂ ಒಂದೊಂದು ಸಹಾಯ ಮಾಡಿ ಬಂದು ಹೇಳಬೇಕು ಎಂದಿದ್ದರು. ಅಂಥ ಬಡವರು ನಮ್ಮೂರಲ್ಲಿ ಯಾರಿದ್ದಾರೆಂದು ಮಕ್ಕಳೆಲ್ಲ ಸುತ್ತ ನೋಡಿದ್ದರು. ಮಾನ್ಯಳೂ ನೋಡಿದ್ದಳು. ಉಳಿದವರ ಕಣ್ಣು ತನ್ನ ಮೇಲೆ ಬಂದು ನಿಂತದ್ದು ಅವಳಿಗೆ ತಿಳಿದಿರಲಿಲ್ಲ.

ವರ್ಷಾಳ ಅಮ್ಮ ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಸಿಹಿ ಪೊಂಗಲ್ ಕೊಟ್ಟರು. ತಿಂದು ಎದ್ದವಳು ಮುಂದಿನ ಮನೆಗೆ ಹೋದಳು, ಅದರ ಮುಂದಿನದಕ್ಕೂ ಹೋದಳು. ಕ್ಲಾಸಿನ ಹುಡುಗಿಯರು ಎಲ್ಲೆಲ್ಲೂ ಎರಡೆರಡು ಪೊಟ್ಟಣ ಕೊಟ್ಟರು. ಒಬ್ಬಳು ತನ್ನ ಪಾಲಿನ ಸಕ್ಕರೆ ಅಚ್ಚನ್ನೇ ಕೊಟ್ಟಳು. ಮಾನ್ಯ ಚಾಚಿದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೊನೆಕೊನೆಗೆ ಅವಳು ಚಾಚುವುದನ್ನೇ ಬಿಟ್ಟಳು. ಹೊಸ ಲಂಗ ತೊಟ್ಟ ಹುಡುಗಿಯರು ಗುಂಪು ಕಟ್ಟಿಕೊಂಡು, ಒಬ್ಬರ ತಟ್ಟೆಯಿಂದ ಒಬ್ಬರು ಕಿತ್ತು ತಿನ್ನುತ್ತ ಮೇಲಿನ ಬೀದಿಯಲ್ಲೇ ಮುಂದೆ ಹೋದರು. ಮಾನ್ಯ ಭಾರದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿನ ಕೇರಿಗೆ ಇಳಿದಳು.

ಅಜ್ಜಿ ದೀಪ ಹಚ್ಚಿ ಬಾಗಿಲಲ್ಲೇ ಕೂತಿದ್ದಳು. ತಮ್ಮ ಕೇರಿಯ ಹೆಣ್ಣುಮಕ್ಕಳು ಮೇಲಿನ ಬೀದಿಗೆ ಎಳ್ಳು ಬೀರಲು ಹೋಗುವ ಪದ್ಧತಿ ಅವಳ ಕಾಲದಲ್ಲಿರಲಿಲ್ಲ. ಈಗ ಎಲ್ಲರೂ ಹೋಗುತ್ತಾರಜ್ಜಿ, ವರ್ಷಾನೇ ಕರೆದಿದ್ದಾಳೆ ಎಂದು ಮೊಮ್ಮಗಳು ಹಟ ಹಿಡಿದ ಮೇಲೆ, ಕೂಲಿಯಿಂದ ಬಂದು ಮೂರು ಸಂಜೆ ಅಡಕತ್ತರಿಯಲ್ಲಿ ಕೊಬ್ಬರಿ, ಬೆಲ್ಲ ಕತ್ತರಿಸಿದ್ದಳು. ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ತುಂಬಿದ ತಟ್ಟೆ ಕಂಡು ಮೊದಲು ಅವಳ ಮುಖ ಅರಳಿತು. ಮೇಲಿನದನ್ನೆಲ್ಲ ತೆಗೆದು ಪಕ್ಕಕ್ಕಿಟ್ಟಳು. ಕೆಳಗೆ ತಾನು ಕೆಂಪು ದಾರ ಸುತ್ತಿದ್ದ ಪೊಟ್ಟಣಗಳು ಹಾಗೇ ಇದ್ದವು. ಅವಳ ಕೈ ಅಲ್ಲೇ ನಿಂತಿತು.

"ಮುಟ್ನಿಲ್ವಾ?" ಅಂಥ ದನಿಯನ್ನು ಮಾನ್ಯ ಈ ಮೊದಲು ಕೇಳಿರಲಿಲ್ಲ. "ಒಳಿಕ್ಕೆ ಕರುದ್ರಾ, ವರಗೇ ನಿಲ್ಸುದ್ರಾ? ನಿಜ ಏಳು ಮಗ."

"ಕರುದ್ರಜ್ಜಿ. ಮಂಚದ ಮ್ಯಾಲೆ ಕೂರಿಸಿ ಪೊಂಗಲ್ಲೂ ಕೊಟ್ರು. ಆ ತರದ್ದಲ್ಲ."

"ಮತ್ತಿನ್ಯಾತರದ್ದು?"

ಮಾನ್ಯ ಪುಸ್ತಕದ ಸಂಗತಿಯನ್ನೆಲ್ಲ ಹೇಳಿದಳು. ಅಜ್ಜಿ ಕೇಳುತ್ತ ಹೋದಳು. ಹಳೆಯ ತರದ್ದಾಗಿದ್ದರೆ ಅವಳಿಗೆ ಗೊತ್ತಿತ್ತು: ಯಾರನ್ನು ಬೈಯಬೇಕು, ಎಷ್ಟು ಬೈಯಬೇಕು, ಆಮೇಲೆ ಮಗುವನ್ನು ಹೇಗೆ ಮಲಗಿಸಬೇಕು. ಇಲ್ಲಿ ಬೈಯಲು ಯಾರೂ ಸಿಗಲಿಲ್ಲ. ಎಲ್ಲರೂ ಒಳ್ಳೆಯವರೇ ಆಗಿದ್ದರು.

ಕೆಂಪು ದಾರದ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ಕೇಳಿದಳು, "ಅಲ್ಲಾ ಕಣವ್ವಾ, ಆ ಪುಸ್ತಕದಾಗಿನ ಕೂಸು ಆಮ್ಯಾಕೇನಾಯ್ತಂತೆ?"

"ಬುತ್ತಿ ಇಸ್ಕಂತಾಳೆ. ನಗ್ತಾಳೆ."

"ಆಮ್ಯಾಕೆ?"

"ಆಮ್ಯಾಕೇನಿಲ್ಲ ಅಜ್ಜಿ. ಅವಳು ಇಸ್ಕಂಡ ಮ್ಯಾಲೆ ಕಥೆ ಮುಗ್ದೋಯ್ತದೆ."