ಬರೆಸಿದ ನಾಲ್ಕು ಸಾಲು

ಬೇರೆಯವರಿಂದ ಬರೆಸಿದ ಮಾತಿನ ಪರವಾನಗಿ ತೀರಿದರೆ ಅದು ಗಂಟಲಿನಲ್ಲೇ ಸಿಕ್ಕಿಕೊಳ್ಳುವ ಕಾಲವದು. ಫಕೀರಪ್ಪ ಮಾಸ್ತರರು ಮದುವೆಗೆ ಮುಂಚೆ ಕವಿಯೊಬ್ಬನಿಂದ ನಾಲ್ಕು ಸಾಲು ಬರೆಸಿ, ತಮ್ಮವೇ ಎಂದು ಹೆಂಡತಿಯಾಗಲಿದ್ದ ದೇವಕ್ಕನಿಗೆ ಒಪ್ಪಿಸಿದ್ದರು. ಪ್ರತಿ ವರ್ಷ ಮದುವೆಯಾದ ದಿನ ಬಂದಾಗ ಆಕೆ ಅವನ್ನೇ ಹೇಳಿಸುತ್ತಿದ್ದಳು. ಇವತ್ತು ಬಾಯಿ ತೆರೆದರೆ ಬರೀ ಕೆಮ್ಮು. ಹಕ್ಕುಸ್ವಾಮ್ಯ ಕಚೇರಿಗೆ ಓಡಿ, ಗುಮಾಸ್ತೆಯ ಮೇಜಿನ ಮೇಲೆ ಬಾಗಿದರು.

"ಸಣ್ಣಕ ಮಾತಾಡವಾ, ಮನ್ಯಾಗ ಗೊತ್ತಾಗಬಾರದು."

ಗುಮಾಸ್ತೆ ಕಡತ ತೆರೆದಳು. "ಕವಿ ಹಕ್ಕು ಮಾರಿ ಇಪ್ಪತ್ತು ವರ್ಷ ಆತ್ರೀ ಮಾಸ್ತರ. ಕೊಂಡವ್ರು ವರ್ಷಾ ವರ್ಷಾ ನಿಮಗ ಪುಕ್ಕಟೆ ಪರವಾನಗಿ ಕೊಡತಿದ್ರು. ಈ ಸಲ ಕೊಟ್ಟಿಲ್ಲ."

"ಯಾರವ್ವಾ ಅವರು?"

"ದೇವಕ್ಕ ಅಂತ. ಕಾರಣಾನೂ ಬರದಾರ: 'ಈ ವರ್ಷರೆ ತಮ್ಮದ ಏನರೆ ಹೇಳ್ಲಿ.'"

ಮಾಸ್ತರರು ತಲೆಯೆತ್ತದೆ ಮನೆಯತ್ತ ನಡೆದರು, ದಾರಿಯುದ್ದಕ್ಕೂ ಒಂದು ಸ್ವಂತ ಸಾಲು ಹುಡುಕುತ್ತ. ಮೆಟ್ಟಿಲು ಹತ್ತುವ ಹೊತ್ತಿಗೆ ಸಿಕ್ಕಿದ್ದು ಆಕೆಯ ಹೆಸರೊಂದೇ.