ಒಂಬತ್ತನೆಯ ಕಂತು

ಅಂಗಳದಲ್ಲಿ ಅಪ್ಪನ ದೋಣಿ ಇರಲಿಲ್ಲ.

ಡೆಲ್ಫೀನ್ ಕಾರಿನಿಂದ ಇಳಿಯದೆ ನೋಡಿದಳು. ದೋಣಿ ನಿಲ್ಲುತ್ತಿದ್ದಲ್ಲಿ ಹಳದಿಗಟ್ಟಿದ ಹುಲ್ಲು ಮಾತ್ರ ಇತ್ತು. ಅಯ್ಯೋ ದೇವರೇ, ಮತ್ತೆ ಶುರುವಾಯಿತೇ?

ಮೂರು ವರ್ಷದ ಹಿಂದೆಯೂ ಹೀಗೇ. ಮೊದಲು ಅಪ್ಪನ ಬಂದೂಕು ಮಾಯವಾಯಿತು, ಆಮೇಲೆ ಅಮ್ಮನ ಉಂಗುರ. ಆಗ ಸೊಂಟ ಮುರಿದುಕೊಂಡು ವರ್ಷವಿಡೀ ಮಲಗಿದ್ದ ಡೆಲ್ಫೀನ್, ಕಾಲೇಜು ಸಾಲದ ಕಂತು ಕಟ್ಟೆಂದು ತಿಂಗಳು ತಿಂಗಳೂ ಅಪ್ಪ ಆರ್ವಿಲ್‌ನ ಕೈಗೆ ಹಣ ಕೊಟ್ಟಿದ್ದಳು. ಅಷ್ಟೂ ಕ್ಯಾಸಿನೊ ಪಾಲಾಯಿತು. ಬ್ಯಾಂಕಿನವರು ಸಾಲ ಕೊಡುವ ಮುನ್ನ ನೋಡುವ ಅವಳ ಕ್ರೆಡಿಟ್ ವರದಿಯ ಮೇಲೆ 'ಸುಸ್ತಿದಾರಳು' ಎಂಬ ಮುದ್ರೆ ಬಿತ್ತು.

ಈಗ ಈ ಬಾಡಿಗೆ ಮನೆಯನ್ನು ಒಡತಿ ಮಾರುತ್ತಿದ್ದಾಳೆ. ಬೇಸಿಗೆ ಮುಗಿಯುವವರೆಗೆ ನಿಮಗಾಗಿ ಕಾಯುತ್ತೇನೆ ಎಂದಿದ್ದಾಳೆ. ಬ್ಯಾಂಕಿನವನದು ಒಂದೇ ಮಾತು: "ಆ ಮುದ್ರೆ ಹೋದ್ಮೇಲೆ ಬನ್ನಿ, ಮನೆ ಸಾಲ ಕೊಡ್ತೀನಿ." ಮುದ್ರೆ ಹೋಗದಿದ್ದರೆ ಅಪ್ಪ ಮಗಳಿಬ್ಬರೂ ಬೀದಿಗೆ.

ಅದಕ್ಕೂ ಒಂದು ದಾರಿಯಿತ್ತು. ಸಾಲ ವಸೂಲಿ ಕಚೇರಿಯ ಹೆಂಗಸು ಫೋನಿನಲ್ಲಿ ಬಿಡಿಸಿ ಹೇಳಿದ್ದಳು: "ಹತ್ತು ತಿಂಗಳಲ್ಲಿ ಒಂಬತ್ತು ಕಂತು, ಸರಿಯಾದ ಸಮಯಕ್ಕೆ. ಆಗ ಮುದ್ರೆ ಅಳಿಸ್ತೀವಿ. ಹಿಂದೆ ತಡ ಮಾಡಿದ್ದು ಮಾತ್ರ ವರದಿಯಲ್ಲಿ ಹಾಗೇ ಇರುತ್ತೆ."

"ಮೂರು ನಾಲ್ಕು ಒಟ್ಟಿಗೇ ಕಟ್ಟಿಬಿಡ್ಲಾ?"

"ಒಂದೇ ಅಂತ ಹಿಡೀತೀವಿ ಮೇಡಂ. ಅವಸರ ಮಾಡ್ಬೇಡಿ."

ಎಂಟು ಮುಗಿದಿದ್ದವು. ನಾಳೆ ಒಂಬತ್ತನೆಯದು. ಇದೊಂದನ್ನೂ ಅವಳು ಆರ್ವಿಲ್‌ಗೆ ಹೇಳಿರಲಿಲ್ಲ. ಹಣದ ಮಾತನ್ನು ಅವನ ಮುಂದೆ ಎತ್ತುವುದನ್ನೇ ಬಿಟ್ಟಿದ್ದಳು.

ಆದರೂ ಹೋದ ವಾರ ಅವಳ ಕಾಗದದ ಕಟ್ಟು ಯಾರೋ ಬಿಚ್ಚಿ ಕಟ್ಟಿದಂತಿತ್ತು. ಮಂಗಳವಾರ ಹಿತ್ತಲಲ್ಲಿ ಆರ್ವಿಲ್ ಫೋನಿಗೆ ಅವಳ ಹುಟ್ಟಿದ ದಿನ ಒಪ್ಪಿಸುತ್ತಿದ್ದ. ಅವಳನ್ನು ಕಂಡು ಪಟ್ಟನೆ ಇಟ್ಟುಬಿಟ್ಟ.

"ಯಾರಪ್ಪಾ?"

"ರಾಂಗ್ ನಂಬರ್ ಕಣೇ."

"ರಾಂಗ್ ನಂಬರಿನವನಿಗೆ ನನ್ನ ಬರ್ತ್‌ಡೇ ಕೇಕ್ ತಿನ್ನೋ ಆಸೆಯೋ?"

ಅವನು ನಕ್ಕು ಜಾರಿಕೊಂಡಿದ್ದ. ಈ ದೇಶದಲ್ಲಿ ಹುಟ್ಟಿದ ದಿನವೂ ಸರ್ಕಾರ ಕೊಟ್ಟ ಗುರುತಿನ ನಂಬರೂ ಸಿಕ್ಕರೆ ಯಾರ ಹೆಸರಲ್ಲಿ ಬೇಕಾದರೂ ಸಾಲ ಎತ್ತಬಹುದು. ಡೆಲ್ಫೀನ್‌ಗೆ ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ.

ಒಳಗೆ ಆರ್ವಿಲ್ ಮಧ್ಯಾಹ್ನದ ಊಟಕ್ಕೆ ಮೀನು ಕರಿಯುತ್ತಿದ್ದ. ನುಣ್ಣಗೆ ಗಡ್ಡ ಹೆರೆದಿದ್ದ. ಮೈಮೇಲೆ ಇಸ್ತ್ರಿ ಮಾಡಿದ ನೀಲಿ ಅಂಗಿ. ಕ್ಯಾಸಿನೊಗೆ ಹಾಕಿಕೊಂಡು ಹೋಗುತ್ತಿದ್ದದ್ದು ಅದನ್ನೇ.

"ದೋಣಿ ಎಲ್ಲಿ?"

"ಮಾರಿದೆ. ಕೈ ತೊಳ್ಕೊಂಡು ಬಾ."

"ದುಡ್ಡು?"

"ಹೋಯ್ತು."

"ಅಷ್ಟೂನಾ?"

"ಒಂದು ಡಾಲರೂ ಉಳೀಲಿಲ್ಲ."

"ಥೂ! ನಿನಗೆ ನಾಚಿಕೆ ಅನ್ನೋದು ಇಲ್ವಾ?" ಅವಳು ಕಾರಿನ ಕೀಲಿಯನ್ನು ಮೇಜಿನ ಮೇಲೆ ಎಸೆದಳು. "ನನ್ನ ಹೆಸರಲ್ಲಿ ಇನ್ನೆಷ್ಟು ಸಾಲ ಮಾಡಿದೀಯಾ, ಬೊಗಳು!"

ಆರ್ವಿಲ್ ಒಲೆ ಆರಿಸಿದ. ತಟ್ಟೆಯ ಕೆಳಗಿಂದ ಒಂದು ಲಕೋಟೆ ತೆಗೆದು ಮುಂದೆ ಚಾಚಿದ.

ಒಳಗೊಂದು ರಸೀದಿ. ಹನ್ನೊಂದು ಸಾವಿರದ ನಾನೂರು ಡಾಲರ್. ಕಾಲೇಜು ಸಾಲ ಪೂರ್ತಿ ಸಂದಾಯ, ನಿನ್ನೆಯ ತಾರೀಖು.

"ನಾಚಿಕೆ ಆಗಿದ್ದಕ್ಕೇ ಮಾರಿದ್ದು ಕಣೇ," ಎಂದ ಆರ್ವಿಲ್. "ನಿನ್ನ ಕಾಗದ ನೋಡಿ, ಫೋನ್ ಮಾಡಿ ಬಾಕಿ ಎಷ್ಟು ಅಂತ ಕೇಳ್ಕೊಂಡೆ. ನಾನು ಬಳಿದ ಮಸಿ, ನಾನೇ ಒರೆಸ್ಬೇಕಿತ್ತು. ಇನ್ನು ಮನೆ ನಮ್ದೇ, ಅಲ್ವಾ ಡೆಲ್?"

ಡೆಲ್ಫೀನ್ ಅವನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಂಥ ಅಪ್ಪನ ಮೇಲೆ ಎಂಥ ಅನುಮಾನ! ಕಣ್ಣೊರೆಸಿಕೊಂಡು ಅಲ್ಲೇ ವಸೂಲಿ ಕಚೇರಿಗೆ ಫೋನ್ ಹಚ್ಚಿದಳು. ಅವನೂ ಕೇಳಲೆಂದು ಸ್ಪೀಕರ್ ಒತ್ತಿದಳು. ಮುದ್ರೆ ಯಾವತ್ತು ಅಳಿಸುತ್ತೀರಿ ಎಂದಳು.

"ಸಾಲ ತೀರಿದ್ದಕ್ಕೆ ಅಭಿನಂದನೆ ಮೇಡಂ," ಎಂದಳು ಕಚೇರಿಯವಳು, "ಆದ್ರೆ ಮುದ್ರೆ ಅಳಿಸೋದು ಒಂಬತ್ತು ಕಂತು ಮುಗಿಸಿದವರಿಗೆ ಮಾತ್ರ; ನಿಮ್ಮದು ಎಂಟಕ್ಕೇ ತೀರಿಹೋಯ್ತಲ್ಲ, ಮುದ್ರೆ ಇನ್ನೂ ನಾಲ್ಕು ವರ್ಷ ಹಾಗೇ ಇರುತ್ತೆ."