ತುದಿಯ ಕೊಕ್ಕೆ

ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿದರೆ ಚುಕ್ಕಿಗಳೇನೋ ಸಿಗುತ್ತವೆ, ಯಾವ ಅಲೆ ಯಾವ ಹಂತದಲ್ಲಿತ್ತೆಂಬುದು ಮಾತ್ರ ಕಳೆದುಹೋಗುತ್ತದೆ. ಅದಿಲ್ಲದೆ ಪ್ರೋಟೀನಿನ ಆಕಾರ ಮೂಡದು. ತಮ್ಮ ಪ್ರೋಟೀನನ್ನು ಹೋಲುವ ಇನ್ನೊಂದರ ಮಾದರಿಯಿಂದ ಹಂತಗಳನ್ನು ಎರವಲು ಪಡೆಯುವವರುಂಟು; ಆಗ ಆ ಮಾದರಿಯಲ್ಲಿನ ತಪ್ಪೂ ಹೊಸ ಆಕಾರದಲ್ಲಿ ಮೂಡಿಬಿಡಬಹುದು. ತಾನು ಯಾರದ್ದನ್ನೂ ಎರವಲು ಪಡೆಯಲಿಲ್ಲವೆಂದು ವಾರಿಜಾ ಲ್ಯಾಬಿನವರೆದುರು ಹೇಳಿದಳು. ಚಪ್ಪಾಳೆ ಬಿದ್ದಾಗ ಅವಳಿಗೆ ಮುಖ ಎತ್ತಲಾಗಲಿಲ್ಲ.

ಪಕ್ಕದ ಮೇಜಿನ ನಫೀಸಾ, ವಾರಿಜಾಳ ಮಾದರಿ ತೋರುತ್ತಿದ್ದ ಪರದೆಯ ಹತ್ತಿರ ಬಂದಳು.

“ತುದೀಲಿ ಈ ಕೊಕ್ಕೆ?”

“ತಾನಾಗೇ ಮೂಡ್ತು,” ಎಂದಳು ವಾರಿಜಾ.

“ಇದನ್ನೇ ಹೋಲೋ ನನ್ನ ಪ್ರೋಟೀನಿನ ಮಾದರೀಲೂ ಇದೆ. ಇನ್ನೂ ಯಾರಿಗೂ ತೋರಿಸಿಲ್ಲ.”

“ಹಾಗಾದ್ರೆ ಇಬ್ಬರದ್ದೂ ಸರಿ ಅಂತಾಯ್ತಲ್ಲ.”

ನಫೀಸಾ ದನಿ ತಗ್ಗಿಸಿದಳು.

“ನನ್ನ ಹರಳಿನಿಂದ ಬಂದ ಚಿತ್ರದಲ್ಲಿ ಅಲ್ಲೇನೂ ಇರ್ಲಿಲ್ಲ ಕಣೇ. ಜಾಗ ಖಾಲಿ ಬಿಡೋಕೆ ಮನಸ್ಸಾಗ್ದೆ ನಾನೇ ಊಹಿಸಿ ಹಾಕಿದ್ದೆ.”